ಇಪ್ಪತ್ತು ಎಂದು ಬರೆಯಬೇಕಿದ್ದ ಜಾಗ

ಕೋಟಿನ ಜೇಬಿನಲ್ಲಿ ಫೋನು ಮತ್ತೆ ಗುರ್ ಎಂದಿತು. ಐಲ್ಸಾ ನಡೆಯುವುದನ್ನು ನಿಲ್ಲಿಸಿದಳು. ಪ್ರಪಂಚದ ಯಾವುದೋ ಮೂಲೆಯಲ್ಲಿ ಯಾರೋ ಒಬ್ಬರು ಅವಳ ವಿಡಿಯೋ ಆಟಕ್ಕೆ ವಂತಿಗೆ ಬರೆಸಿದ್ದಾರೆ ಎಂದು ಅದರ ಅರ್ಥ. ತಿಂಗಳ ಮೊದಲಲ್ಲಿ ಈ ಗುರ್ ಕೇಳಿಸಿದರೆ ಸಾಕು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹಂಚುವಷ್ಟು ಖುಷಿಯಾಗುತ್ತಿತ್ತು. ಇವತ್ತು ಬೆಳಿಗ್ಗೆಯಿಂದ ಪ್ರತಿ ಸಲವೂ ಯಾರೋ ತೊಡೆ ಚಿವುಟಿದ ಹಾಗೆ. ಪರ್ತ್ ರೋಡಿನ ಮೇಲೆ ಬಿಸಿಲು ಬಿದ್ದಿತ್ತು. ಮಾರ್ಚ್ ತಿಂಗಳಲ್ಲಿ ಬಿಸಿಲು ಬಂದರೆ ಚಳಿಯ ಊರಾದ ಡಂಡಿಯ ಜನ ಅದು ತಮ್ಮ ಮನೆಗೇ ಬಂದ ನೆಂಟ ಎಂಬಂತೆ ಮುಖ ಅರಳಿಸಿಕೊಂಡು ತಿರುಗುತ್ತಾರೆ. ಔಷಧಿ ಅಂಗಡಿಯ ಹೆಂಗಸು ಬಾಗಿಲಲ್ಲೇ ನಿಂತು, ಹೇಗಿದೆ ನಿನ್ನ ಆಟ, ಇನ್ನೆಷ್ಟು ಬೇಕು ಎಂದು ಕೇಳಿದಳು. ಈ ಹೆಂಗಸು ಬರೆಸಿದ್ದು ಒಂದೇ ಒಂದು ಪೌಂಡು ಎಂಬುದು ಐಲ್ಸಾಗೆ ಗೊತ್ತು. ಯಾರು ಎಷ್ಟು ಬರೆಸಿದರು ಎಂಬುದೆಲ್ಲ ಅವಳ ಪರದೆಯಲ್ಲಿ ಬರುತ್ತದೆ, ನೋಡಬಾರದೆಂದರೂ ಕಣ್ಣು ಹೋಗುತ್ತದೆ, ನೋಡಿದ ಮೇಲೆ ಮರೆಯಲಾಗುವುದಿಲ್ಲ. ಒಂದು ತಿಂಗಳಿಂದ ಅವಳಿಗೆ ಊರಿನ ಮುಖಗಳೆಲ್ಲ ಹಣೆಯ ಮೇಲೆ ಬೆಲೆಚೀಟಿ ಅಂಟಿಸಿಕೊಂಡೇ ಎದುರಾಗುತ್ತಿವೆ. ಒಂದು ಪೌಂಡು ಪ್ರೀತಿಯಿಂದ ಕೊಟ್ಟರೂ ಒಂದು ಪೌಂಡೇ ಎಂದು ತಾನು ಯೋಚಿಸುತ್ತಿರುವುದಕ್ಕೆ ನಾಚಿ, ಚೆನ್ನಾಗಿದೆ, ತುಂಬಾ ಚೆನ್ನಾಗಿದೆ ಎಂದು ಹೇಳಿ ಬೇಗ ಬೇಗ ದಾಟಿದಳು. ದಾಟಿದ ಮೇಲೆ ಮತ್ತೆ ನಿಧಾನವಾದಳು. ಬೇಗ ಹೋದರೆ ಇನ್ನಿಸ್‌ನ ಮುಖ ಬೇಗ ನೋಡಬೇಕಾಗುತ್ತದೆ.

ಚೆನ್ನಾಗಿರುವುದೇನೋ ನಿಜ. ಆಟ ಇಬ್ಬರದು, ಅವಳದು ಮತ್ತು ಇನ್ನಿಸ್‌ನದು. ಹಳೆಯ ಟ್ರಾಮ್ ನಿಲ್ದಾಣವೊಂದರಲ್ಲಿ ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕಚೇರಿ, ಅದನ್ನು ನೋಡಿಕೊಳ್ಳುವ ಮುದುಕಿ, ಆಡುವವರು ಆ ಮುದುಕಿಯಾಗಿ ಒಂದೊಂದು ವಸ್ತುವನ್ನೂ ಅದರ ವಾರಸುದಾರರಿಗೆ ಮುಟ್ಟಿಸಬೇಕು. ಇಂಥ ಆಟಕ್ಕೆ ದುಡ್ಡು ಹಾಕುವವರು ಯಾರು? ಹೂಡಿಕೆದಾರರ ಮುಂದೆ ಹೋಗಿ ತೋರಿಸಿದಾಗ ಒಬ್ಬ, ಇದರಲ್ಲಿ ಯಾರಿಗೂ ಗುಂಡು ಹೊಡೆಯುವುದಿಲ್ಲವೇ ಎಂದು ನಿಜವಾದ ಕಳಕಳಿಯಿಂದ ಕೇಳಿದ್ದ. ಆದ್ದರಿಂದ ಜನರ ಮುಂದೆಯೇ ಹೋದರು. ಅಂತರ್ಜಾಲದಲ್ಲಿ ಅದಕ್ಕೆಂದೇ ಇರುವ ತಾಣದಲ್ಲಿ ಒಂದು ಪುಟ, ಒಂದು ಗುರಿ, ಒಂದು ತಿಂಗಳ ಗಡುವು. ನಲವತ್ತು ಸಾವಿರ ಪೌಂಡು. ನಾಳೆ ಮಧ್ಯಾಹ್ನದೊಳಗೆ ಅಷ್ಟು ಕೂಡಿದರೆ ಆಟ ಉಂಟು. ಒಂದು ಪೌಂಡು ಕಡಿಮೆಯಾದರೂ ಯಾರ ಖಾತೆಯಿಂದಲೂ ಏನೂ ಕಡಿತವಾಗುವುದಿಲ್ಲ, ಬರೆಸಿದ್ದೆಲ್ಲ ನೀರಿನ ಮೇಲೆ ಬರೆಸಿದಂತೆ, ಎಲ್ಲರೂ ಅವರವರ ಮನೆಗೆ. ಹದಿನೈದು ಪೌಂಡು ಕೊಟ್ಟವರಿಗೆ ಆಟ ಸಿದ್ಧವಾದಾಗ ಆಟ. ನಲವತ್ತು ಕೊಟ್ಟವರಿಗೆ ಆಟದ ಜೊತೆ ಇನ್ನೊಂದು ಕಾಣಿಕೆ: ನೀವು ಬದುಕಿನಲ್ಲಿ ಕಳೆದುಕೊಂಡ ಒಂದು ವಸ್ತುವಿನ ಬಗ್ಗೆ ಬರೆದು ಕಳಿಸಿ, ಇನ್ನಿಸ್ ಅದರ ಚಿತ್ರವನ್ನು ಕೈಯಲ್ಲೇ, ಪೆನ್ಸಿಲು ಮಸಿಗಳಲ್ಲಿ ಬರೆಯುತ್ತಾನೆ, ಅದು ಆ ಮುದುಕಿಯ ಕಪಾಟಿನಲ್ಲಿ ಸದಾ ಇರುತ್ತದೆ. ಇಪ್ಪತ್ತು ಜನಕ್ಕೆ ಮಾತ್ರ.

ಇಪ್ಪತ್ತು ಜನಕ್ಕೆ ಮಾತ್ರ ಎಂದು ಅಂದುಕೊಂಡದ್ದು. ಪುಟ ತುಂಬುವಾಗ ಕಾಣಿಕೆಯ ವಿವರದ ಕೆಳಗೆ ಒಂದು ಸಣ್ಣ ಚೌಕ ಇರುತ್ತದೆ, ಎಷ್ಟು ಜನಕ್ಕೆ ಎಂದು. ಐಲ್ಸಾ ಅಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಅಮ್ಮ ಫೋನು ಮಾಡಿ, ಹ್ಯಾಡಕ್ ಮೀನು ಮಾರುವವನು ತನಗೆ ಕಾಡ್ ಮೀನು ಕೊಟ್ಟು ಕಳಿಸಿದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹೂಂ, ಹೌದಾ, ಅಯ್ಯೋ ಎನ್ನುತ್ತಾ ಐಲ್ಸಾ ಚೌಕವನ್ನು ದಾಟಿ ಮುಂದಿನದಕ್ಕೆ ಹೋದಳು. ಚೌಕ ಖಾಲಿ ಬಿಟ್ಟರೆ ಮಿತಿಯಿಲ್ಲ ಎಂದು ಲೆಕ್ಕ. ಮೂರು ವಾರ ಆ ನಲವತ್ತು ಪೌಂಡಿನ ದರ್ಜೆಗೆ ಬಂದವರು ಹದಿನಾಲ್ಕೇ ಜನ, ಆದ್ದರಿಂದ ಗೊತ್ತೇ ಆಗಲಿಲ್ಲ. ಆಮೇಲೆ ಕೆನಡಾದ ಯಾರೋ ಒಬ್ಬಳು, ತಾನು ಚಿಕ್ಕಂದಿನಲ್ಲಿ ರೈಲಿನಲ್ಲಿ ಬಿಟ್ಟುಬಂದ ಬಟ್ಟೆಯ ಮೊಲ ಮತ್ತೆ ಸಿಗುತ್ತದೆಂದು ಹೇಳಿಕೊಂಡು ಅತ್ತು ಒಂದು ವಿಡಿಯೋ ಹಾಕಿದಳು. ಅದನ್ನು ಎಷ್ಟೋ ಲಕ್ಷ ಜನ ನೋಡಿದರು. ಇವತ್ತು ಬೆಳಿಗ್ಗೆ ಐಲ್ಸಾ ಹಲ್ಲುಜ್ಜುತ್ತಾ ನೋಡಿದಾಗ ಆ ದರ್ಜೆಯಲ್ಲಿ ಆರುನೂರಕ್ಕೂ ಮೇಲೆ ಹೆಸರುಗಳಿದ್ದವು. ಬ್ರಷ್ಷು ಬಾಯಲ್ಲೇ ನಿಂತಿತು. ಒಂದು ವಸ್ತು ಬರೆಯಲು ಇನ್ನಿಸ್‌ಗೆ ಒಂದು ಪೂರ್ತಿ ದಿನ ಬೇಕು.

ಮತ್ತು ಇನ್ನಿಸ್‌ಗೆ ಇದೊಂದೂ ಗೊತ್ತಿಲ್ಲ. ಅವನು ಪುಟ ನೋಡುವುದಿಲ್ಲವೆಂದು ಮೊದಲ ದಿನವೇ ಹೇಳಿಬಿಟ್ಟಿದ್ದ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ನಿಮಿಷಕ್ಕೊಮ್ಮೆ ತೆಗೆದರೆ ಏನೂ ಬೇಯುವುದಿಲ್ಲ ಎಂದು. ದಿನಾ ಬೆಳಿಗ್ಗೆ ಅವಳು ಒಳಗೆ ಬಂದಾಗ ತಲೆಯೆತ್ತದೆ, ಉಸಿರಾಡ್ತಾ ಇದೆಯಾ ಎಂದು ಒಂದು ಮಾತು ಕೇಳುವನು, ಅವಳು ಹೂಂ ಎಂದರೆ ಮತ್ತೆ ಕಾಗದದೊಳಗೆ ಇಳಿಯುವನು. ಅವನನ್ನು ಅವಳು ಮೊದಲು ನೋಡಿದ್ದು ಊರಿನ ದೊಡ್ಡ ಆಟದ ಕಂಪನಿಯೊಂದರಲ್ಲಿ. ಅಲ್ಲಿ ಅವನ ಕೆಲಸ ಫುಟ್ಬಾಲ್ ಆಟದ ಮೈದಾನದ ಹುಲ್ಲು ಬರೆಯುವುದು. ಹನ್ನೊಂದು ವರ್ಷ ಹುಲ್ಲು. ಒದ್ದೆ ಹುಲ್ಲು, ಒಣ ಹುಲ್ಲು, ತುಳಿದ ಹುಲ್ಲು, ಸಂಜೆಯ ದೀಪದ ಹುಲ್ಲು, ದಿನಕ್ಕೆ ಇಷ್ಟು ಎಂದು ಮುಗಿಸಿಕೊಡಲೇಬೇಕಾದ ಹುಲ್ಲು. ರಾಜೀನಾಮೆ ಕೊಟ್ಟ ದಿನ ಅವನು, ಇನ್ನು ಈ ಜನ್ಮದಲ್ಲಿ ಯಾರೂ ದಿನಕ್ಕಿಷ್ಟು ಎಂದು ಅಳೆದು ನನ್ನ ಕೈಯಿಂದ ಗೆರೆ ಎಳೆಸಿಕೊಳ್ಳಬಾರದು ಎಂದಿದ್ದ, ಐಲ್ಸಾ ಅದಕ್ಕೆ ಆಣೆ ಇಟ್ಟಂತೆ ತಲೆದೂಗಿದ್ದಳು. ಅವಳನ್ನು ನಂಬಿ ಅವನು ಬಂದ. ಈಗ ಅವಳೇ ಅವನಿಗೆ ಎರಡು ವರ್ಷದ ಹುಲ್ಲು ಬಿತ್ತಿಟ್ಟಿದ್ದಾಳೆ, ಅದೂ ಅಮ್ಮನ ಮೀನಿನ ಕಥೆಗೆ ಹೂಂಗುಟ್ಟುತ್ತಾ.

ಗುರ್. ಈ ಸಲ ಅಮ್ಮನೇ. ಅಮ್ಮ ನೆಟ್ಟಾ, ಎಪ್ಪತ್ತೆರಡರ ವಯಸ್ಸಿನಲ್ಲೂ ಬಿಂಗೋ ಜೂಜಿನ ಮನೆಯಲ್ಲಿ ಎರಡು ಚೀಟಿ ಒಟ್ಟಿಗೆ ಆಡುವವಳು, ತನ್ನ ಗೆಳತಿಯರಲ್ಲಿ ಇನ್ನೂ ನಾಲ್ವರನ್ನು ಹಿಡಿದು ಕೂರಿಸಿ ಅವರ ಫೋನಿನಿಂದಲೇ ನಲವತ್ತರ ದರ್ಜೆಗೆ ಬರೆಸಿರುವುದಾಗಿ ಹೇಳಿದಳು. ಒಬ್ಬಳದು ಕಿವಿಯೋಲೆ, ಒಬ್ಬಳದು ಗಂಡನ ಟೋಪಿ, ಮತ್ತೊಬ್ಬಳು ಗಂಡನನ್ನೇ ಬರೆಸಬಹುದಾ ಎಂದು ಕೇಳಿದಳಂತೆ.

“ಅಮ್ಮಾ, ಸಾಕು. ಇನ್ನು ಯಾರನ್ನೂ ಕರ್ಕೊಂಡು ಬರಬೇಡ.”

“ಇದೊಳ್ಳೆ ಚೆನ್ನಾಯ್ತಲ್ಲೇ. ಮೊನ್ನೆವರೆಗೂ ಯಾರೂ ಬರ್ತಿಲ್ಲ ಅಂತ ಮುಖ ಊದಿಸ್ಕೊಂಡು ಕೂತಿದ್ದೆ. ಈಗ ಬಂದರೆ ಬರಬೇಡಿ ಅಂತೀಯ. ನಿಮ್ಮಪ್ಪನ ಬುದ್ಧಿ ಪೂರ್ತಿ ಬಂದಿದೆ ನೋಡು ನಿಂಗೆ.”

ಅಪ್ಪನ ಬುದ್ಧಿ ಏನೆಂದು ಕೇಳುವ ಧೈರ್ಯ ಐಲ್ಸಾಗೆ ಇರಲಿಲ್ಲ. ಮುಚ್ಚಿದ ಚಮ್ಮಾರನ ಅಂಗಡಿಯ ಮಹಡಿಯ ಮೇಲೆ ಇನ್ನಿಸ್ ಮತ್ತು ಅವಳು ಕೆಲಸ ಮಾಡುವ ಕೋಣೆ. ಮೆಟ್ಟಿಲು ಹತ್ತುವಾಗ ಇನ್ನೂ ಹಳೆಯ ಚರ್ಮದ, ಮೇಣದ ವಾಸನೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ವಾಕ್ಯ ಕಟ್ಟಿಕೊಂಡು ಹತ್ತಿದಳು. ನೋಡು ಇನ್ನಿಸ್, ಒಂದು ಸಣ್ಣ ಎಡವಟ್ಟಾಗಿದೆ. ಸಣ್ಣ ಅಲ್ಲ. ನೋಡು ಇನ್ನಿಸ್, ಒಳ್ಳೆಯ ಸುದ್ದಿಯೇ, ಆದರೆ. ಆದರೆ ಎಂಬ ಪದ ಬಂದ ಮೇಲೆ ಒಳ್ಳೆಯ ಸುದ್ದಿ ಎಲ್ಲಿ ಉಳಿಯುತ್ತದೆ. ಬಾಗಿಲು ತೆಗೆದಾಗ ಅವನು ಕಿಟಕಿಯ ಬಳಿ ಬೆನ್ನು ಬಗ್ಗಿಸಿ ಕೂತಿದ್ದ. ಮೇಜಿನ ಮೇಲೆ ಒಂದು ಹಲ್ಲು ಮುರಿದ ಬಾಚಣಿಗೆಯ ಚಿತ್ರ, ಆ ಇಪ್ಪತ್ತರಲ್ಲಿ ಮೊದಲನೆಯದು ಎಂದು ಅವನು ತಿಳಿದಿರುವುದು. ಬಿಸಿಲು ಅವನ ಬೋಳಾಗುತ್ತಿರುವ ನೆತ್ತಿಯ ಮೇಲೆ, ಮಸಿ ಮೆತ್ತಿದ ಹೆಬ್ಬೆರಳ ಮೇಲೆ ಬಿದ್ದು, ಇಡೀ ಕೋಣೆ ಎಷ್ಟು ನೆಮ್ಮದಿಯಿಂದಿತ್ತೆಂದರೆ ಐಲ್ಸಾಗೆ ತಾನು ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿದಂತೆನಿಸಿತು. ಉಸಿರಾಡ್ತಾ ಇದೆಯಾ ಎಂದು ಅವನು ಕೇಳಿದ. ಹೂಂ ಎಂದಳು. ಕೋಟು ಬಿಚ್ಚಿ ನೇತುಹಾಕಿದಳು. ನೀರು ಕಾಯಿಸಿದಳು. ಚಹಾ ಕೊಟ್ಟಳು, ಅವನು ಕೇಳದಿದ್ದರೂ ಎರಡು ಬಿಸ್ಕತ್ತು ಇಟ್ಟಳು. ಬಿಸ್ಕತ್ತು ನೋಡಿ ಅವನು ಮೊದಲ ಸಲ ತಲೆಯೆತ್ತಿದ. ಎರಡು ವರ್ಷದಲ್ಲಿ ಅವಳು ಅವನಿಗೆ ಬಿಸ್ಕತ್ತು ಕೊಟ್ಟದ್ದಿಲ್ಲ.

“ಏನು ಮಾಡ್ಕೊಂಡು ಬಂದೆ ಹೇಳು ಮಾರಾಯ್ತಿ.”

ಹೇಳಿದಳು. ಹೇಗೆ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಮೆಟ್ಟಿಲಿನ ವಾಕ್ಯಗಳೆಲ್ಲ ಕೈಕೊಟ್ಟವು. ಚೌಕ, ಅಮ್ಮ, ಕಾಡ್ ಮೀನು, ಕೆನಡಾದ ಮೊಲ, ಎಲ್ಲ ಕಲಸಿಹೋಗಿ ಬಂತು. ಕೊನೆಗೆ ಅವನು ಎಷ್ಟು ಎಂದು ಕೇಳಿದ. ಅವಳು ಫೋನು ನೋಡಿ, ಆರುನೂರ ನಲವತ್ತು ಎಂದಳು, ಅಷ್ಟರಲ್ಲಿ ಅದು ಗುರ್ ಎಂದಿತು, ನಲವತ್ತೊಂದು ಎಂದಳು. ಇನ್ನಿಸ್ ಮಸಿ ಬಾಟಲಿಯ ಮುಚ್ಚಳ ಹಾಕಿದ. ಲೇಖನಿಯ ಮುಳ್ಳನ್ನು ಬಟ್ಟೆಯಿಂದ ಒರೆಸಿದ, ಒಂದು ಸಲ, ಇನ್ನೊಂದು ಸಲ. ದಿನದ ಕೆಲಸ ಮುಗಿದಾಗ ಮಾತ್ರ ಅವನು ಹಾಗೆ ಒರೆಸುವುದು. ಜಾಕೆಟ್ಟು ಹಾಕಿಕೊಂಡು ಕೆಳಗಿಳಿದು ಹೋದ. ಬಿಸ್ಕತ್ತು ಎರಡೂ ತಟ್ಟೆಯಲ್ಲೇ ಇದ್ದವು.

ಕಿಟಕಿಯಿಂದ ನೋಡಿದಳು. ಅವನು ರಸ್ತೆ ದಾಟಿ, ಎಡಕ್ಕೋ ಬಲಕ್ಕೋ ಎಂದು ಒಂದು ಕ್ಷಣ ನಿಂತು, ಬಲಕ್ಕೆ ತಿರುಗಿದ. ಬಲಕ್ಕೆ ಅವನ ಮನೆ. ಬಲಕ್ಕೆ ಇನ್ನೂ ಸ್ವಲ್ಪ ಹೋದರೆ ಹಳೆಯ ಕಂಪನಿಯೂ ಹೌದು. ಹಾಗೆ ನೋಡಿದರೆ ಬಲಕ್ಕೆ ಅರ್ಧ ಊರೇ ಇದೆ, ಆದರೆ ಅವಳ ಮನಸ್ಸು ಆ ಕಂಪನಿಯ ಗಾಜಿನ ಬಾಗಿಲಿನ ಮುಂದೆಯೇ ಹೋಗಿ ನಿಂತಿತು, ಅಲ್ಲಿ ಇನ್ನಿಸ್ ಮುಖ ಹುಳ್ಳಗೆ ಮಾಡಿಕೊಂಡು, ಹುಲ್ಲಿನ ಕೆಲಸ ಇನ್ನೂ ಖಾಲಿ ಇದೆಯಾ ಎಂದು ಕೇಳುತ್ತಿದ್ದ. ಚಿಕ್ಕಂದಿನಲ್ಲಿ ಅವಳು ಶಾಲೆಯ ನಾಟಕದಲ್ಲಿ ಪರದೆ ಎಳೆಯುವವಳಾಗಿದ್ದಾಗ ಹಗ್ಗ ಮೊದಲೇ ಬಿಟ್ಟು, ರಾಜ ಸಾಯುವ ಮುಂಚೆಯೇ ಪರದೆ ಬಿದ್ದು, ರಾಜನಾಗಿದ್ದ ಹುಡುಗ ಪರದೆಯ ಹೊರಗೆ ತೆವಳಿ ಬಂದು ಸತ್ತಿದ್ದ. ಜನ ಬಿದ್ದು ಬಿದ್ದು ನಕ್ಕಿದ್ದರು. ಆ ಹುಡುಗ ಅವಳ ಜೊತೆ ಮತ್ತೆ ಮಾತಾಡಲಿಲ್ಲ. ತನ್ನ ಕೈಯಲ್ಲಿ ಯಾವಾಗಲೂ ಹಗ್ಗ ಒಂದಿರುತ್ತದೆ, ಮತ್ತು ಯಾವಾಗಲೂ ಬೇರೆಯವರು ತೆವಳಬೇಕಾಗುತ್ತದೆ. ಇಲ್ಲ, ಈ ಸಲ ಬೇಡ. ಅವಳು ಕಂಪ್ಯೂಟರಿನ ಮುಂದೆ ಕೂತು ಪುಟದ ಆ ಚೌಕಕ್ಕೆ ಹೋದಳು. ಈಗಾಗಲೇ ಬರೆಸಿದವರಿಗೆ ಕೊಟ್ಟ ಮಾತು ತಿದ್ದಲು ತಾಣ ಬಿಡುವುದಿಲ್ಲ, ಆದರೆ ಬಾಗಿಲು ಇಲ್ಲಿಗೆ ಮುಚ್ಚಿತು ಎನ್ನಬಹುದು. ಮುಚ್ಚಿದರೆ ಇನ್ನು ಯಾರೂ ಬರುವುದಿಲ್ಲ, ಈಗ ಬರುತ್ತಿರುವವರೆಲ್ಲ ಆ ಕಪಾಟಿಗಾಗಿಯೇ ಬರುವವರು. ಯಾರೂ ಬರದಿದ್ದರೆ ಇನ್ನೂ ಬಾಕಿ ಇರುವ ನಾಲ್ಕು ಸಾವಿರ ಕೂಡುವುದಿಲ್ಲ. ಗುರಿ ಮುಟ್ಟದಿದ್ದರೆ ಯಾರೂ ಯಾರಿಗೂ ಏನೂ ಕೊಡಬೇಕಿಲ್ಲ, ಇನ್ನಿಸ್ ಒಂದು ಗೆರೆಯನ್ನೂ ಎಳೆಯಬೇಕಿಲ್ಲ. ಆಟ ಸಾಯುತ್ತದೆ, ಅಷ್ಟೇ. ಮುದುಕಿಯೂ ಟ್ರಾಮೂ ಎರಡು ವರ್ಷವೂ. ಐಲ್ಸಾ ಚೌಕದಲ್ಲಿ ಈವರೆಗೆ ಬಂದಷ್ಟೇ ಸಂಖ್ಯೆ ತುಂಬಿ ಒತ್ತಿಯೇಬಿಟ್ಟಳು. ಫೋನು ಸುಮ್ಮನಾಯಿತು. ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಒಂದು ಬಿಸ್ಕತ್ತು ತಿಂದಳು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗಿ ಇನ್ನಿಸ್ ಒಳಗೆ ಬಂದ. ಕೈಯಲ್ಲಿ ಎಣ್ಣೆ ಇಳಿದ ಕಾಗದದ ಪೊಟ್ಟಣ. ಬ್ರೈಡಿ ತಂದಿದ್ದ, ಒಳಗೆ ಮಾಂಸ ತುಂಬಿ ಮಡಿಚಿ ಬೇಯಿಸಿದ್ದು, ಒಂದು ಈರುಳ್ಳಿ ಇರುವುದು, ಒಂದು ಇಲ್ಲದ್ದು. ಈರುಳ್ಳಿಯದು ಅವಳಿಗೆ. ಹೊಟ್ಟೆ ಖಾಲಿ ಇದ್ದಾಗ ನನಗೆ ಕೋಪ ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ, ಅದಕ್ಕೇ ಹೋಗಿದ್ದೆ, ಸಾಲು ಉದ್ದ ಇತ್ತು ಎಂದ. ಈಗ ಬರುತ್ತಿದೆಯಾ ಎಂದು ಅವಳು ಕೇಳಿದಳು. ಇನ್ನೂ ಅರ್ಧ ತಿಂದಿದ್ದೇನೆ, ತಾಳು ಎಂದ. ಅವಳು ಬಾಗಿಲು ಮುಚ್ಚಿದ್ದನ್ನು ಹೇಳಿದಳು. ಆಟ ಹೋದರೆ ಹೋಗಲಿ, ನಿನಗೆ ಮತ್ತೆ ಹುಲ್ಲು ಬರೆಯುವ ಗತಿ ತರುವುದಿಲ್ಲ ಎಂದಳು. ಹೇಳುವಾಗ ಬ್ರೈಡಿಯ ಪುಡಿ ಸಿಕ್ಕಿ ಕೆಮ್ಮು ಬಂದು, ತ್ಯಾಗದ ಆ ಮಾತು ಅರ್ಧದಲ್ಲೇ ಕೆಟ್ಟುಹೋಯಿತು. ಇನ್ನಿಸ್ ಅವಳ ಬೆನ್ನು ತಟ್ಟಿದ. ಏನೇನು ಕಳೆದುಕೊಂಡಿದ್ದಾರಂತೆ ಇವರೆಲ್ಲ, ಓದು ನೋಡೋಣ ಎಂದ.

ಓದಿದಳು. ಲಿಸ್ಬನ್ನಿನ ಒಬ್ಬ ಬಸ್ಸಿನಲ್ಲಿ ತನ್ನ ಟ್ರಂಬೋನು, ಆಳುದ್ದದ ಹಿತ್ತಾಳೆ ವಾದ್ಯ, ಬಿಟ್ಟಿದ್ದ. ಇಷ್ಟು ದೊಡ್ಡದನ್ನು ಹೇಗೆ ಮರೆತೆ ಎಂದು ದಯವಿಟ್ಟು ಕೇಳಬೇಡಿ, ಹೆಂಡತಿ ಈಗಲೂ ಕೇಳುತ್ತಾಳೆ ಎಂದು ಬರೆದಿದ್ದ. ಒಬ್ಬಳ ಅಪ್ಪ ದೋಣಿಯಲ್ಲಿ ಸೀನಿ ಹಲ್ಲಿನ ಸೆಟ್ಟನ್ನು ಕೆರೆಗೆ ಕೊಟ್ಟಿದ್ದ. ಒಬ್ಬಳದು ಹಳದಿ ಕೊಡೆ, ಒಂದು ಕಡ್ಡಿ ಮುರಿದದ್ದು, ಅದನ್ನು ಹಿಡಿದ ದಿನವೇ ಅವಳಿಗೆ ಗಂಡ ಸಿಕ್ಕಿದ್ದು, ಇಬ್ಬರೂ ಮಾತಾಡುತ್ತಾ ಕೊಡೆ ಎಲ್ಲೋ ಬಿಟ್ಟರು. ಯಾವ ಕಡ್ಡಿ ಮುರಿದಿತ್ತು ಎಂದು ಇನ್ನಿಸ್ ಕೇಳಿದ. ಬರೆದಿಲ್ಲ ಎಂದಳು. ಅದನ್ನು ಬರೆಯದೆ ಇನ್ನೇನು ಬರೆದಳಂತೆ ಎಂದು ಅವನಿಗೆ ಸಿಟ್ಟು ಬಂತು, ಆ ದಿನದ ಮೊದಲ ಸಿಟ್ಟು. ಅವಳು ಓದುತ್ತಾ ಹೋದಳು. ಹಲ್ಲಿನ ಸೆಟ್ಟು ಮೇಲಿನದೋ ಕೆಳಗಿನದೋ ಎಂಬುದರ ಬಗ್ಗೆ ಇಬ್ಬರಿಗೂ ವಾದವಾಯಿತು. ಸೀನಿದರೆ ಮೇಲಿನದೇ ಹಾರುವುದು ಎಂದು ಇನ್ನಿಸ್ ಸೀನಿ ತೋರಿಸಿದ. ನಕ್ಕು ನಕ್ಕು ಐಲ್ಸಾ ಮೇಜು ಹಿಡಿದುಕೊಂಡಳು. ಚಹಾ ಆರಿಹೋಯಿತು, ಬಿಸಿಲು ಅವನ ನೆತ್ತಿಯಿಂದ ಗೋಡೆಗೆ ಸರಿಯಿತು.

“ಹನ್ನೊಂದು ವರ್ಷ ಹುಲ್ಲು ಬರೆದೆ ಐಲ್ಸಾ. ಒಬ್ಬನಾದ್ರೂ ಬಂದು, ಅಲ್ಲ ಸ್ವಾಮಿ, ನನ್ನ ಹುಲ್ಲುಕಡ್ಡಿ ಎಲ್ಲಿ ಅಂತ ಕೇಳಿದ್ದುಂಟಾ?” ಇನ್ನಿಸ್ ಬೆರಳಿನ ಜಿಡ್ಡನ್ನು ಪ್ಯಾಂಟಿಗೆ ಒರೆಸಿಕೊಂಡ. “ಇವರಿಗೆಲ್ಲ ಬೇರೆ ಬೇರೆ ಕಡ್ಡಿ ಬೇಕು. ಬರೀತೀನಿ. ಆದ್ರೆ ದಿನಕ್ಕೆ ಒಂದೇ. ಒಂದೂವರೆ ಅಂದ್ರೂ ಎದ್ದು ಹೋಗ್ತೀನಿ.”

“ಹಾಗಾದ್ರೆ ಆಟ ಎರಡು ವರ್ಷ ತಡ ಆಗತ್ತೆ.”

“ಆಗತ್ತೆ. ನೀನು ಅದನ್ನ ಮೊದಲು ಬರಿ. ಆಮೇಲೆ ಬಾಗಿಲು ತೆಗೀತೀನಿ.”

ಅವಳಿಗೆ ಇದು ಅಳುವುದಕ್ಕಿಂತ ಕಷ್ಟವಾಯಿತು. ವಂತಿಗೆ ಬರೆಸಿದವರು ಕೊನೆಯ ಗಳಿಗೆಯವರೆಗೂ ಹಿಂದೆ ತೆಗೆದುಕೊಳ್ಳಬಹುದು. ಗಡುವಿಗೆ ಒಂದು ದಿನ ಮುಂಚೆ, ಗುರಿ ಇನ್ನೂ ದೂರ ಇರುವಾಗ, ನಿಮ್ಮ ಆಟ ಎರಡು ವರ್ಷ ತಡ ಎಂದು ಹೇಳುವ ಹುಚ್ಚರು ಈ ತಾಣದಲ್ಲಿ ಇದುವರೆಗೆ ಯಾರಿದ್ದಾರೆ. ಎಲ್ಲರೂ ದುಡ್ಡು ಬಂದ ಮೇಲೆ ಹೇಳುವವರೇ. ಮೂರು ಸಲ ಬರೆದು ಅಳಿಸಿದಳು. ಮೊದಲನೆಯದು ತೀರಾ ಬೇಡುವಂತಿತ್ತು, ಎರಡನೆಯದು ವಕೀಲರ ನೋಟೀಸಿನಂತೆ. ಕೊನೆಗೆ ಇದ್ದದ್ದನ್ನು ಇದ್ದಂತೆ ಬರೆದಳು: ಇಪ್ಪತ್ತು ಎಂದು ತುಂಬಬೇಕಿದ್ದ ಚೌಕವನ್ನು ಖಾಲಿ ಬಿಟ್ಟೆ, ತಪ್ಪು ನನ್ನದು, ಇನ್ನಿಸ್ ಒಂದು ದಿನಕ್ಕೆ ಒಂದನ್ನೇ ಬರೆಯುತ್ತಾನೆ ಮತ್ತು ಎಲ್ಲರದನ್ನೂ ಬರೆಯುತ್ತಾನೆ, ಕಾಯಲಾಗದವರು ಹಿಂದೆ ತೆಗೆದುಕೊಂಡರೆ ನಮಗೆ ಬೇಸರವಿಲ್ಲ. ಬೇಸರವಿಲ್ಲ ಎಂಬುದೊಂದೇ ಅದರಲ್ಲಿದ್ದ ಸುಳ್ಳು. ಕಳಿಸಿದಳು. ಇನ್ನಿಸ್ ಅವಳ ಹೆಗಲ ಮೇಲಿಂದ ಬಾಗಿ, ಚೌಕದಲ್ಲಿದ್ದ ಸಂಖ್ಯೆಯನ್ನು ತಾನೇ ಅಳಿಸಿ, ಖಾಲಿ ಬಿಟ್ಟು, ಒತ್ತಿದ.

ಆಮೇಲೆ ಕಾಯುವುದು. ಎಷ್ಟು ಕೂಡಿತೆಂದು ಪರದೆಯಲ್ಲಿ ತೋರಿಸುವ ಹಣದ ಪಟ್ಟಿ ಸ್ವಲ್ಪ ಹೊತ್ತು ಅಲುಗಲಿಲ್ಲ. ಅಲುಗಿದಾಗ ಕೆಳಗೆ ಅಲುಗಿತು. ಮೊದಲು ಕಳಚಿಕೊಂಡ ಹೆಸರು ನೆಟ್ಟಾಳದು. ಐಲ್ಸಾ ಆ ಹೆಸರನ್ನು ಎರಡು ಸಲ ಓದಿದಳು. ಹೆತ್ತ ತಾಯಿ. ಮರುಕ್ಷಣ ಅಮ್ಮನ ಫೋನು: ಓದೋಣ ಅಂತ ಎಲ್ಲೋ ಒತ್ತಿದೆ ಕಣೇ, ಎಲ್ಲ ಹೋಯಿತು, ಈಗ ಎಲ್ಲಿ ಒತ್ತಬೇಕು. ಅಮ್ಮನಿಗೆ ಎಲ್ಲಿ ಒತ್ತಬೇಕೆಂದು ಹೇಳುತ್ತಿರುವಾಗಲೇ ಇನ್ನೂ ಏಳೆಂಟು ಹೆಸರು ಕಳಚಿದವು, ಇವು ತಿಳಿದೇ ಒತ್ತಿದವು. ಒಬ್ಬ, ಇದು ವ್ಯಾಪಾರ ಮಾಡುವ ರೀತಿಯಲ್ಲ ಎಂದು ಬುದ್ಧಿ ಹೇಳಿದ. ಇನ್ನಿಸ್ ಕಿಟಕಿಯ ಹತ್ತಿರ ಹೋಗಿ ಟೇ ನದಿಯ ಕಡೆ ನೋಡುತ್ತಾ ನಿಂತ. ಮುಚ್ಚಳ ತೆಗೆದು ನೋಡಬಾರದು ಎಂದವನ ಕಿವಿ ಮಾತ್ರ ಪೂರ್ತಿ ಅವಳ ಕಡೆಗೇ ಇತ್ತು. ಆದರೂ ಐಲ್ಸಾಗೆ ಬೆಳಿಗ್ಗೆಯ ಭಯ ಈಗ ಇರಲಿಲ್ಲ. ಸೋತರೂ ಈ ಕೋಣೆಯಲ್ಲಿ ಇಬ್ಬರು ಇದ್ದೇವೆ ಎಂದುಕೊಂಡಳು. ಅಷ್ಟರಲ್ಲಿ ಅವಳು ಬರೆದದ್ದರ ಕೆಳಗೆ ನಾರ್ವೆಯವನೊಬ್ಬನ ಮಾತು ಬಂತು, ಹಡಗುಕಟ್ಟೆಯ ಮೇಲೆ ಕೂತಿದ್ದಾಗ ಸಮುದ್ರ ತನ್ನ ಕೆಂಪು ರಬ್ಬರ್ ಬೂಟು ಒಂದನ್ನು ಎಳೆದುಕೊಂಡು ಹೋಯಿತೆಂದು ಬರೆಸಿದ್ದವನು. ಐಲ್ಸಾ ಅದನ್ನು ಗಟ್ಟಿಯಾಗಿ ಓದಿದಳು.

“ನನ್ನ ಬೂಟು ಕಳೆದು ನಲವತ್ತು ವರ್ಷ ಆಯ್ತು. ಇನ್ನೆರಡು ವರ್ಷ ಏನು ಮಹಾ. ನಿಧಾನವಾಗಿ ಬರೀಲಿ.”

ಅದರ ಕೆಳಗೆ ಹೌದು ಎಂದು ಒಬ್ಬರು, ನಮ್ಮದು ಹದಿನೆಂಟು ಎಂದು ಒಬ್ಬರು, ಟ್ರಂಬೋನು ಮೂವತ್ತೆರಡು ಎಂದು ಲಿಸ್ಬನ್ನಿನವನು. ಫೋನು ಗುರ್ ಎಂದಿತು, ಮತ್ತೆ ಗುರ್ ಎಂದಿತು, ಆಮೇಲೆ ಮೇಜಿನ ಮೇಲೆ ತಾನಾಗಿಯೇ ಜರುಗತೊಡಗಿತು. ಇನ್ನಿಸ್ ಕಿಟಕಿ ಬಿಟ್ಟು ಬಂದು ಬಾಚಣಿಗೆಯ ಚಿತ್ರವನ್ನು ಪಕ್ಕಕ್ಕೆ ಸರಿಸಿ, ಹೊಸ ಹಾಳೆ ಹರಡಿ, ಅದರ ಅಂಚನ್ನು ಅಂಗೈಯಿಂದ ಸವರಿದ.

“ಎಡಗಾಲಿಂದೋ ಬಲಗಾಲಿಂದೋ ಕೇಳು ಅವನನ್ನ.”

ಅವಳು ಕೇಳಿದಳು. ಉತ್ತರ ಬರುವವರೆಗೆ ಇಬ್ಬರೂ ಪರದೆಯ ಆ ಒಂದು ಸಾಲನ್ನೇ ನೋಡುತ್ತಾ ಕೂತರು. ಹಣದ ಪಟ್ಟಿ ಗುರಿ ದಾಟಿ ಹಸಿರಾದದ್ದನ್ನು ಕಂಡವಳು ಹಿಲ್‌ಟೌನಿನ ಮನೆಯಲ್ಲಿ ಕೂತ ನೆಟ್ಟಾ. ಕರೆ ಕತ್ತರಿಸದೆ ಮೇಜಿನ ಮೇಲಿಟ್ಟಿದ್ದ ಫೋನಿನೊಳಗಿಂದ ಅವಳು ಒಂದೇ ಸಮನೆ ಕೂಗುತ್ತಿದ್ದಳು, ಮಗಳಿಗೆ ಅದು ಕೇಳಿಸಲಿಲ್ಲ. ನಾರ್ವೆಯವನ ಉತ್ತರ ಬಂತು, ಎಡಗಾಲು ಎಂದು. ಇನ್ನಿಸ್ ಪೆನ್ಸಿಲ್ ಚೂಪು ಮಾಡತೊಡಗಿದ.